ಕೊಲಂಬೊ, ಕ್ಯಾಂಡಿಯ ಹಳೇ ದೊಡ್ಡ ಹೋಟೆಲ್‌ಗಳಲ್ಲಿ ಉಳಿಯಬಹುದಾ? ಅಪ್ಪ ಅಮ್ಮನ ಜೊತೆ ಹೋಗುತ್ತಿದ್ದೇವೆ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಬರುವ ಜನವರಿಯಲ್ಲಿ ಅಪ್ಪ, ಅಮ್ಮ, ನಾನು ಶ್ರೀಲಂಕಾಕ್ಕೆ ಹೊರಟಿದ್ದೇವೆ. ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿದ್ದು ರಿಟೈರ್ ಆದವರು. ಹಳೇ ಕಟ್ಟಡ ಎಂದರೆ ಅವರಿಗೆ ಪ್ರಾಣ. ಕೊಲಂಬೊ ಬಂದರಿನ ಎದುರಿಗೆ ಇರುವ ಗ್ರ್ಯಾಂಡ್ ಓರಿಯಂಟಲ್, ಕ್ಯಾಂಡಿಯಲ್ಲಿ ಬುದ್ಧನ ಹಲ್ಲನ್ನು ಇಟ್ಟಿರುವ ದಂತ ದೇವಾಲಯದ ಎದುರಿನ ಕ್ವೀನ್ಸ್, ಈ ಎರಡರ ಫೋಟೋ ನೋಡಿದ ಮೇಲೆ ಉಳಿದರೆ ಇಲ್ಲೇ ಉಳಿಯಬೇಕು ಅಂತ ಪಟ್ಟು ಹಿಡಿದಿದ್ದಾರೆ. ಅಮ್ಮನಿಗೆ ಮಂಡಿನೋವು. ಮೆಟ್ಟಿಲು ಹತ್ತೋದು ಕಷ್ಟ, ಬಿಸಿನೀರು ಬೇಕೇ ಬೇಕು. ಊಟ ಪೂರ್ತಿ ಸಸ್ಯಾಹಾರ.

ನೆಟ್‌ನಲ್ಲಿ ಓದಿದರೆ ಒಬ್ಬರು ಸ್ವರ್ಗ ಅನ್ನುತ್ತಾರೆ, ಇನ್ನೊಬ್ಬರು ಹಾಳುಬಿದ್ದ ಕೊಂಪೆ ಅನ್ನುತ್ತಾರೆ. ಇಂಥ ಹಳೇ ಹೋಟೆಲ್‌ಗಳಲ್ಲಿ ಉಳಿದು ಬಂದವರು ದಯವಿಟ್ಟು ಹೇಳಿ. ಅಪ್ಪನ ಆಸೆಗೂ ಅಮ್ಮನ ಮಂಡಿಗೂ ಹೊಂದುವ ದಾರಿ ಇದೆಯಾ?

ಬಯಲುಗಾಳಿ

ಬೇಡ ಮೇಡಂ. ನೇರವಾಗಿ ಹೇಳುತ್ತೇನೆ. ಅದೇ ದ್ವೀಪದ ಇನ್ನೊಂದು ಊರಿನಲ್ಲಿ ಒಂದು ಹಳೇ ಹೋಟೆಲ್, ಹೆಸರು ಬೇಡ. ಹಾಲ್ ನೋಡಿದರೆ ಅರಮನೆ. ಮೇಲೆ ಹೋದರೆ ಗೀಸರ್ ಕೆಟ್ಟಿತ್ತು, ಕಿಟಕಿಯ ಚಿಲಕ ಕೂರುತ್ತಿರಲಿಲ್ಲ, ಹಾಸಿಗೆಯಲ್ಲಿ ಮುಗ್ಗಲು ವಾಸನೆ. ರಾತ್ರಿ ಹನ್ನೊಂದಕ್ಕೆ ಕೋಣೆ ಬದಲಾಯಿಸಿಕೊಂಡೆವು. ಹೊಸ ಕೋಣೆಯಲ್ಲೂ ಅದೇ ವಾಸನೆ. ನನ್ನ ಹೆಂಡತಿಗೆ ಉಬ್ಬಸ ಇದೆ, ಅವಳು ಬೆಳಗಿನವರೆಗೆ ಕುರ್ಚಿಯಲ್ಲೇ ಕೂತಿದ್ದಳು. ಅದೇ ದುಡ್ಡಿಗೆ ಹೊಸ ಹೋಟೆಲ್‌ನಲ್ಲಿ ಎಲ್ಲ ಸಿಗುತ್ತದೆ. ಹಳೇ ಹೋಟೆಲ್‌ಗೆ ಹೋಗಿ ಒಂದು ಟೀ ಕುಡಿದು ಬನ್ನಿ, ಸಾಕು. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಇಂಥ ಸಾಹಸ ಯಾಕೆ?

ಕಡಲಾಚೆ

ನಾನು ಕೊಲಂಬೊದಲ್ಲೇ ಇರುವವನು, ಬಟ್ಟೆ ರಫ್ತು ಮಾಡುವ ಕಂಪನಿಯಲ್ಲಿ ಕೆಲಸ. ಊರಿಂದ ಬರುವ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ ಇದೇ. ಬಯಲುಗಾಳಿ ಸರ್ ಹೇಳಿದ್ದು ಸುಳ್ಳಲ್ಲ, ಅಂಥ ಕೋಣೆಗಳು ಇವೆ. ಆದರೂ ನಾನು ಉಳಿಯಿರಿ ಅಂತಲೇ ಹೇಳುತ್ತೇನೆ. ಈ ಹೋಟೆಲ್‌ಗಳು ಯಾಕೆ ಮಂಕಾದವು ಅಂತ ಗೊತ್ತಿದ್ದರೆ ಅಲ್ಲಿ ಉಳಿಯುವ ರೀತಿಯೇ ಬೇರೆ ಆಗುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕಥೆಯೆಲ್ಲ ಹಡಗಿನದು. ಮೊದಲು ಯುರೋಪಿನ ಹಡಗುಗಳು ಕಲ್ಲಿದ್ದಲು, ನೀರು ತುಂಬಿಸಿಕೊಳ್ಳಲು ನಿಲ್ಲುತ್ತಿದ್ದದ್ದು ದಕ್ಷಿಣದ ಗಾಲೆಯಲ್ಲಿ. ಅಲ್ಲಿನ ಕೋಟೆಯೊಳಗೆ 1684ರಲ್ಲಿ ಡಚ್ಚರು ಕಟ್ಟಿದ ಒಂದು ಕಟ್ಟಡ ಇದೆ. 1860ರ ದಶಕದಲ್ಲಿ ಅದು ಹೋಟೆಲ್ ಆಯಿತು, ಹಡಗಿನಿಂದ ಇಳಿದವರೆಲ್ಲ ಅಲ್ಲಿಗೇ ಬರುತ್ತಿದ್ದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಹಡಗುಗಳು ಜಾಸ್ತಿ ಆದವು. ಕೊಲಂಬೊ ದೊಡ್ಡ ಊರಾಗಿದ್ದರೂ ಅಲ್ಲಿ ಮುಂಗಾರಿನ ಅಲೆಗೆ ತಡೆ ಇರಲಿಲ್ಲ, ಹಡಗು ನಿಲ್ಲಿಸುವುದೇ ಅಪಾಯ. ಅದಕ್ಕೇ ಸಮುದ್ರದೊಳಗೆ ಅಲೆ ತಡೆಯುವ ಗೋಡೆ ಕಟ್ಟಲು ಹೊರಟರು. 1875ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಯುವರಾಜ ಬಂದು ಅದಕ್ಕೆ ಮೊದಲ ಕಲ್ಲು ಇಟ್ಟ. ಅದಕ್ಕೆ ಒಂದು ತಿಂಗಳ ಹಿಂದೆ, ನವೆಂಬರ್‌ನಲ್ಲಿ, ಬಂದರಿನ ಎದುರಿಗಿದ್ದ ಸೈನಿಕರ ಹಳೇ ಬ್ಯಾರಕ್ಕನ್ನು ತಿದ್ದಿ ಗ್ರ್ಯಾಂಡ್ ಓರಿಯಂಟಲ್ ಹೋಟೆಲ್ ತೆರೆದಿದ್ದರು. ಮುಂದೆ ಏನು ಬರುತ್ತದೆ ಅಂತ ಅವರಿಗೆ ಗೊತ್ತಿತ್ತು.

1885ರಲ್ಲಿ ಗೋಡೆ ಮುಗಿಯಿತು. ಅಷ್ಟರಲ್ಲಾಗಲೇ ಹಡಗುಗಳು ಗಾಲೆ ಬಿಟ್ಟು ಕೊಲಂಬೊಗೆ ಬರತೊಡಗಿದ್ದವು. ಗಾಲೆಯ ಹೋಟೆಲ್ ಮಂಕಾಯಿತು, ಕೊಲಂಬೊದ್ದು ಬೆಳಗಿತು. ಹಡಗಿನಿಂದ ದೋಣಿಯಲ್ಲಿ ದಡಕ್ಕೆ ಬಂದರೆ ನಾಲ್ಕು ಹೆಜ್ಜೆಗೆ ಹೋಟೆಲ್ ಬಾಗಿಲು. ರಷ್ಯಾದ ಲೇಖಕ ಚೆಕೋವ್ 1890ರಲ್ಲಿ ಊರಿಗೆ ವಾಪಸ್ ಹೋಗುವ ದಾರಿಯಲ್ಲಿ ಇಲ್ಲೇ ಇಳಿದಿದ್ದ.

ಆಮೇಲೆ ವಿಮಾನ ಬಂತು. ಹಡಗಿನ ಪ್ರಯಾಣಿಕರು ಇಲ್ಲವಾದರು. 1960ರ ದಶಕದಲ್ಲಿ ಹೋಟೆಲ್‌ಗೆ ತಪ್ರೊಬೇನ್ ಅಂತ ಹೆಸರು ಬದಲಾಯಿಸಿದರು, ಮುಂದೆ ಮತ್ತೆ ಹಳೇ ಹೆಸರಿಗೇ ಬಂದರು. 1983ರಿಂದ 2009ರವರೆಗೆ ಸರ್ಕಾರಕ್ಕೂ ತಮಿಳು ಹುಲಿಗಳಿಗೂ ಯುದ್ಧ. 1996ರ ಜನವರಿ 31ರಂದು ಇದೇ ಫೋರ್ಟ್ ಪ್ರದೇಶದಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ, ಸೆಂಟ್ರಲ್ ಬ್ಯಾಂಕಿಗೆ ಬಾಂಬು ತುಂಬಿದ ಲಾರಿ ನುಗ್ಗಿಸಿದರು. ತೊಂಬತ್ತಕ್ಕೂ ಹೆಚ್ಚು ಜನ ಸತ್ತರು. ಫೋರ್ಟ್‌ನ ರಸ್ತೆಗಳಿಗೆಲ್ಲ ತಡೆಗೋಡೆ, ಚೆಕ್‌ಪೋಸ್ಟ್ ಬಂತು. ಮೇಲಿನ ಮಹಡಿಯಿಂದ ಬಂದರಿನ ಫೋಟೋ ತೆಗೆಯಲೂ ಬಿಡುತ್ತಿರಲಿಲ್ಲ. ಅಂಥ ಜಾಗದಲ್ಲಿ ಯಾವ ಪ್ರವಾಸಿ ಬಂದು ಉಳಿಯುತ್ತಾನೆ ಹೇಳಿ? ಯುದ್ಧ ಮುಗಿದು ಚೇತರಿಸಿಕೊಳ್ಳುವ ಹೊತ್ತಿಗೆ 2019ರ ಈಸ್ಟರ್ ದಿನದ ಸ್ಫೋಟಗಳು. ಅದರ ಬೆನ್ನಿಗೇ ಕೋವಿಡ್. 2022ರಲ್ಲಿ ದೇಶವೇ ದಿವಾಳಿ, ಪೆಟ್ರೋಲಿಗೆ ದಿನಗಟ್ಟಲೆ ಸಾಲು, ಗಂಟೆಗಟ್ಟಲೆ ಕರೆಂಟಿಲ್ಲ. ಹೋಟೆಲ್ ಕೆಲಸ ಗೊತ್ತಿದ್ದವರು ಎಷ್ಟೋ ಜನ ಗಲ್ಫಿಗೆ ಹೋದರು.

ಇದನ್ನೆಲ್ಲ ದಾಟಿ ಬಂದ ಕಟ್ಟಡ ಅದು. ಗೋಡೆಯ ಬಣ್ಣ ಮಾಸಿದ್ದರೆ ಅದು ಬರೀ ಯಾರದೋ ಸೋಮಾರಿತನದಿಂದ ಅಲ್ಲ.

ನಾಲ್ಕನೇ ಮಹಡಿಯಲ್ಲಿ ಹಾರ್ಬರ್ ರೂಮ್ ಅಂತ ಊಟದ ಹಾಲ್ ಇದೆ. ಅಪ್ಪನನ್ನು ಅಲ್ಲಿ ಕಿಟಕಿ ಪಕ್ಕ ಕೂರಿಸಿ. ಕೆಳಗೆ ಬಂದರು ಪೂರ್ತಿ ಕಾಣುತ್ತದೆ. ಕ್ರೇನು ಒಂದು ಕಂಟೇನರನ್ನು ಹಡಗಿನ ಹೊಟ್ಟೆಯಿಂದ ಎತ್ತುತ್ತದೆ, ಗಾಳಿಗೆ ಅದು ಸ್ವಲ್ಪ ತೂಗುತ್ತದೆ, ನಿಂತ ಮೇಲೆ ನಿಧಾನಕ್ಕೆ ಲಾರಿಯ ಮೇಲೆ ಇಳಿಯುತ್ತದೆ. ಲಾರಿ ಹೊರಡುವ ಮುಂಚೆಯೇ ಕ್ರೇನು ಮುಂದಿನದಕ್ಕೆ ಹೋಗಿರುತ್ತದೆ. ಇಂಜಿನಿಯರಿಂಗ್ ಗೊತ್ತಿದ್ದವರು ಅಲ್ಲಿಂದ ಏಳೋದೇ ಇಲ್ಲ.

ಬಯಲುಗಾಳಿ

ಇತಿಹಾಸ ಚೆನ್ನಾಗಿದೆ ಸರ್, ನನಗೆ ಗೊತ್ತಿರಲಿಲ್ಲ. ಆದರೆ ರಾತ್ರಿ ಮಲಗಬೇಕಲ್ಲ? ಆ ಮುಗ್ಗಲು ವಾಸನೆಗೆ ಏನು ಮಾಡೋದು?

ಗಾರೆಮನೆ

ಈ ಪ್ರಶ್ನೆಗೆ ನಾನು ಉತ್ತರ ಕೊಡಬಹುದು. ಹಳೇ ಕಟ್ಟಡಗಳ ದುರಸ್ತಿಯೇ ನನ್ನ ಕೆಲಸ.

ಆ ಕೋಣೆಗಳನ್ನು ಕಟ್ಟಿದ್ದು ಗಾಳಿ ಓಡಾಡಲಿ ಅಂತ. ಎತ್ತರದ ಸೂರು, ಎದುರುಬದುರು ಕಿಟಕಿ, ಪಟ್ಟಿಪಟ್ಟಿ ಮರದ ಬಾಗಿಲು, ಸುತ್ತ ವರಾಂಡ. ಗೋಡೆಗೆ ಸುಣ್ಣದ ಗಾರೆ. ಸುಣ್ಣದ ಗೋಡೆ ಮಳೆಗಾಲದಲ್ಲಿ ತೇವ ಹೀರಿಕೊಂಡು ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಗಾಳಿ ಓಡಾಡುತ್ತಿದ್ದರೆ ಅದರಿಂದ ಏನೂ ತೊಂದರೆ ಇಲ್ಲ. ಆಮೇಲೆ ಬಂದವರು ಏನು ಮಾಡಿದರು? ಗಾರೆ ಉದುರಿದ ಕಡೆ ಸಿಮೆಂಟ್ ಮೆತ್ತಿದರು, ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದರು. ಒಳಗಿನ ತೇವಕ್ಕೆ ಹೊರಗೆ ಬರುವ ದಾರಿ ಮುಚ್ಚಿತು. ಅದಕ್ಕೇ ಪೇಂಟ್ ಗುಳ್ಳೆ ಎದ್ದು ಸಿಪ್ಪೆಯಾಗುತ್ತದೆ. ಅದರ ಮೇಲೆ ಏಸಿ ಹಾಕಿ ಕಿಟಕಿ ಮುಚ್ಚಿಟ್ಟರು. ತಣ್ಣಗಾದ ಗೋಡೆಯ ಮೇಲೆ ಸಮುದ್ರದ ಗಾಳಿಯ ನೀರು ಕೂರುತ್ತದೆ, ಬೂಷ್ಟು ಹಿಡಿಯುತ್ತದೆ. ನಿಮ್ಮ ಮನೆಯವರಿಗೆ ಉಸಿರು ಕಟ್ಟಿದ್ದು ಆ ಬೂಷ್ಟಿನಿಂದಲೇ ಇರಬೇಕು. ಉಬ್ಬಸ ಇರುವವರು ಅಂಥ ಕೋಣೆಯಲ್ಲಿ ಮಲಗಲೇಬಾರದು, ಅದರಲ್ಲಿ ಎರಡು ಮಾತಿಲ್ಲ.

ಹಾಗಾದರೆ ಏನು ಮಾಡಬಹುದು? ಕೋಣೆ ನೋಡದೆ ಒಪ್ಪಬೇಡಿ. ಹಳೇ ಹೋಟೆಲ್‌ನಲ್ಲಿ ಒಂದೇ ದರದ ಎರಡು ಕೋಣೆ ಒಂದೇ ತರ ಇರುವುದಿಲ್ಲ. ಎರಡು ಮೂರು ಕೋಣೆ ತೋರಿಸಿ ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಒಳಗೆ ಹೋದ ಕೂಡಲೇ ಮೂಸಿ ನೋಡಿ. ಕಪಾಟಿನ ಬಾಗಿಲು ತೆಗೆದು ಒಳಗೂ ಮೂಸಿ, ಮುಚ್ಚಿಟ್ಟ ತೇವ ಅಲ್ಲೇ ಗೊತ್ತಾಗುವುದು. ಬಚ್ಚಲುಮನೆಗೆ ತಾಗಿದ ಗೋಡೆಯ ಕೆಳಭಾಗದಲ್ಲಿ ಬಿಳಿ ಪುಡಿ ಕಂಡರೆ ಆ ಕೋಣೆ ಬೇಡ. ನಲ್ಲಿ ತಿರುಗಿಸಿ ಬಿಸಿನೀರು ಬರುವವರೆಗೆ ಕಾಯಿರಿ. ಮೂಲೆಯ ಕೋಣೆ ಸಿಕ್ಕರೆ ಬಿಡಬೇಡಿ, ಎರಡು ಕಡೆ ಕಿಟಕಿ ಇರುತ್ತದೆ. ಕೋಣೆಗೆ ಹೋದ ಮೇಲೆ ಮೊದಲು ಏಸಿ ಆರಿಸಿ, ಕಿಟಕಿ ತೆಗೆದು ಫ್ಯಾನ್ ಜೋರಾಗಿ ತಿರುಗಲು ಬಿಡಿ. ಬೆಳಿಗ್ಗೆ ತಿರುಗಾಡಲು ಹೋಗುವಾಗಲೂ ಒಂದು ಕಿಟಕಿ ತೆರೆದಿರಲಿ, ಕಾಗೆ ಒಳಗೆ ಬರದ ಹಾಗೆ ಪಟ್ಟಿ ಬಾಗಿಲು ಮಾತ್ರ ಎಳೆದುಕೊಳ್ಳಿ. ಕೊಲಂಬೊದಲ್ಲಿ ಕಾಗೆಗಳ ಧೈರ್ಯ ಜಾಸ್ತಿ.

ಜನವರಿ ಒಳ್ಳೆಯ ಕಾಲ. ಕೊಲಂಬೊ ಕಡೆ ಮಳೆ ಕಡಿಮೆ, ಗೋಡೆ ಒಣಗಿರುತ್ತದೆ. ಇದೇ ಕೋಣೆಗೆ ಜೂನ್‌ನಲ್ಲಿ ಹೋದರೆ ಬೇರೆಯೇ ಅನುಭವ.

ಇನ್ನೊಂದು ಮಾತು, ಅಪ್ಪನಿಗೆ ಹೇಳಿ. ಲಂಕೆಯ ಹಳೇ ಊರುಗಳಲ್ಲಿ ತಲೆ ಎತ್ತಿ ಸೂರು ನೋಡುತ್ತಾ ನಡೆಯಲಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆಯಿಂದ, ಆಮೇಲೆ ನಮ್ಮ ಕರಾವಳಿಯ ಬೇರೆ ಕಾರ್ಖಾನೆಗಳಿಂದ, ಸಿಲೋನಿಗೆ ಹೆಂಚು ಹೋಗುತ್ತಿತ್ತು. ಅಲ್ಲಿನವರು ಅದೇ ತರದ ಹೆಂಚಿಗೆ ಕ್ಯಾಲಿಕಟ್ ಹೆಂಚು ಅನ್ನುತ್ತಾರೆ.

ಒಗ್ಗರಣೆ

ಊಟದ ವಿಚಾರ ನಾನು ಹೇಳುತ್ತೇನೆ. ತುಂಗಾತೀರ ಅಕ್ಕ, ಬೆಳಗಿನ ತಿಂಡಿಗೆ ಏನೂ ತೊಂದರೆ ಇಲ್ಲ. ಇಡಿಯಪ್ಪ ಸಿಗುತ್ತದೆ, ನಮ್ಮ ಒತ್ತು ಶ್ಯಾವಿಗೆಯೇ, ಚಿಕ್ಕ ಚಿಕ್ಕ ಬಿಲ್ಲೆಯ ಹಾಗೆ ಒತ್ತಿರುತ್ತಾರೆ. ಅಪ್ಪಂ ಇರುತ್ತದೆ, ತೆಂಗಿನಹಾಲಿನ ಬೇಳೆ ಸಾರು ಇರುತ್ತದೆ. ಆದರೆ ತೆಂಗಿನಕಾಯಿಯ ಕೆಂಪು ಚಟ್ನಿ, ಪೊಲ್ ಸಂಬೋಲ, ಕಣ್ಣಿಗೆ ಪೂರ್ತಿ ಸಸ್ಯಾಹಾರ. ಅದರಲ್ಲಿ ಒಣಗಿಸಿದ ಮೀನಿನ ಚೂರು ಕುಟ್ಟಿ ಹಾಕಿರುತ್ತಾರೆ. ಅದಕ್ಕೆ ಉಂಬಲಕಡ ಅನ್ನುತ್ತಾರೆ. ಪಲ್ಯಕ್ಕೂ, ತೆಂಗಿನಹಾಲಿನ ಸಾರಿಗೂ ಹಾಕುವುದುಂಟು. ಬರೀ ವೆಜ್ ಅಂದರೆ ಅವರಿಗೆ ಕೋಳಿ, ಕುರಿ ಇಲ್ಲ ಅಂತ ಮಾತ್ರ ಅರ್ಥವಾಗಬಹುದು. ಉಂಬಲಕಡ ಬೇಡ ಅಂತಲೇ ಹೇಳಿ.

ಹಳೇ ಹೋಟೆಲ್‌ನಲ್ಲಿ ಒಂದು ಅನುಕೂಲ ಇದೆ. ಹಿಂದಿನ ದಿನ ಸಂಜೆಯೇ ಊಟದ ಹಾಲಿನ ಹಿರಿಯರೊಬ್ಬರನ್ನು ಹುಡುಕಿ ಹೇಳಿಬಿಟ್ಟರೆ ಬೆಳಿಗ್ಗೆ ನಿಮಗೆ ಬೇರೆ ಸಂಬೋಲ ಅರೆದು ತರುತ್ತಾರೆ. ನಮಗೆ ಹಾಗೆ ತಂದುಕೊಟ್ಟರು. ನಮ್ಮಮ್ಮ ಈರುಳ್ಳಿಯೂ ತಿನ್ನುವುದಿಲ್ಲ ಅಂದಾಗ ಆ ಹಿರಿಯರು ಅಡುಗೆಮನೆಗೆ ಹೋಗಿ ನಿಂತು ಮಾಡಿಸಿಕೊಂಡು ಬಂದರು. ಆ ಮುಖ ನನಗೆ ಇವತ್ತಿಗೂ ನೆನಪಿದೆ.

ಸಂಜೆಮಲ್ಲಿಗೆ

ನನಗೆ ಬೇರೆಯೇ ಪ್ರಶ್ನೆ ಇದೆ. ಇವೆಲ್ಲ ಬ್ರಿಟಿಷರು ಮೆರೆದಾಡಿದ ಜಾಗಗಳು. ನಮ್ಮಂಥವರು ಆಗ ಬಾಗಿಲಲ್ಲಿ ಛತ್ರಿ ಹಿಡಿಯಲು ಮಾತ್ರ ಲಾಯಕ್ಕು. ಬೆಟ್ಟದ ಮೇಲಿನ ನುವಾರ ಎಲಿಯದಲ್ಲಿ 1876ರ ಹಿಲ್ ಕ್ಲಬ್ ಇದೆ. ಬಹಳ ಕಾಲ ಸಿಲೋನಿನವರಿಗೇ ಅಲ್ಲಿ ಸದಸ್ಯತ್ವ ಇರಲಿಲ್ಲ. ರಾತ್ರಿ ಊಟಕ್ಕೆ ಕೋಟು ಟೈ ಹಾಕಿ ಬನ್ನಿ ಅನ್ನುವ ಸಂಪ್ರದಾಯ ಆಮೇಲೂ ಉಳಿಯಿತು. ಇಂಥ ಜಾಗಗಳಿಗೆ ಹೋಗಿ ಬೆತ್ತದ ಕುರ್ಚಿಯಲ್ಲಿ ಕೂತು ಆಹಾ ಎಂಥ ಕಾಲ ಅನ್ನೋದು ನನ್ನಿಂದ ಆಗುವುದಿಲ್ಲ. ಯಾರನ್ನೂ ನೋಯಿಸಲು ಹೇಳುತ್ತಿಲ್ಲ. ಆದರೆ ಈ ಪ್ರಶ್ನೆ ನಮಗೆ ಬರಲೇಬೇಕಲ್ವಾ?

ಕಾಫಿತೋಟ

ಬರಲೇಬೇಕು. ನಾನು ಮೂಡಿಗೆರೆ ಕಡೆಯವನು, ಆ ಬೆಟ್ಟದ ಹೋಟೆಲ್‌ಗಳ ಹಿಂದಿನ ದುಡ್ಡು ಎಲ್ಲಿಂದ ಬಂತು ಅನ್ನೋದು ನಮಗೆ ಬೇಗ ಅರ್ಥವಾಗುತ್ತದೆ. ಮೊದಲು ಅಲ್ಲಿದ್ದದ್ದು ಟೀ ಅಲ್ಲ, ಕಾಫಿ. ಆ ಕಾಫಿ ಬಂದರಿಗೆ ಇಳಿಯಲಿ ಅಂತಲೇ ಕೊಲಂಬೊದಿಂದ ಕ್ಯಾಂಡಿಗೆ ರೈಲು ಹಾಕಿದ್ದು, 1867ರಲ್ಲಿ ಮುಗಿಯಿತು. ಎರಡೇ ವರ್ಷದಲ್ಲಿ, 1869ರಲ್ಲಿ, ಎಲೆ ತುಕ್ಕು ರೋಗ ಕಾಣಿಸಿಕೊಂಡಿತು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ, ಆಮೇಲೆ ಎಲೆ ಉದುರಿ ಗಿಡ ಬರಡು. ಹದಿನೈದು ಇಪ್ಪತ್ತು ವರ್ಷದಲ್ಲಿ ಅಲ್ಲಿನ ಕಾಫಿ ಹೆಚ್ಚು ಕಡಿಮೆ ಮುಗಿದೇ ಹೋಯಿತು. ಅದೇ ರೋಗ ನಮ್ಮ ಕಡೆಯ ತೋಟಗಳಿಗೂ ಬಂತು, ಇವತ್ತಿಗೂ ನಾವು ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಅದಕ್ಕೇ.

ಕಾಫಿ ಹೋದ ಜಾಗದಲ್ಲಿ ಟೀ ಬಂತು. ಎಲೆ ಕೀಳಲು ತಮಿಳುನಾಡಿನಿಂದ ಜನರನ್ನು ಕರೆತಂದರು. ಸ್ವಾತಂತ್ರ್ಯ ಬಂದ 1948ರಲ್ಲೇ ಮಾಡಿದ ಪೌರತ್ವ ಕಾನೂನಿನಿಂದ ಅವರಲ್ಲಿ ಲಕ್ಷಾಂತರ ಮಂದಿ ಯಾವ ದೇಶಕ್ಕೂ ಸೇರದವರಾದರು. ಆ ಬೆಟ್ಟದಲ್ಲಿ ಒಳ್ಳೆಯ ಟೀ ಕುಡಿಯುವಾಗ ಅದನ್ನೂ ತಿಳಿದಿರಬೇಕು. ನಾನು ಹೋಗಬೇಡಿ ಅನ್ನುವವನಲ್ಲ. ಹೋಗಿ, ತೋಟದ ಕೆಲಸಗಾರರ ಲೈನ್ ಮನೆಗಳ ಕಡೆಗೂ ಒಂದು ಸಲ ಕಣ್ಣು ಹಾಯಿಸಿ.

ಕಡಲಾಚೆ

ಸಂಜೆಮಲ್ಲಿಗೆ ಅವರೇ, ನಿಮ್ಮ ಮಾತು ಒಪ್ಪುತ್ತೇನೆ. ಅದರ ಜೊತೆಗೆ ಇದನ್ನೂ ಸೇರಿಸುತ್ತೇನೆ.

ಕೊಲಂಬೊದಲ್ಲಿ ಸಮುದ್ರದ ಅಂಚಿಗೆ ಗಾಲೆ ಫೇಸ್ ಹೋಟೆಲ್ ಇದೆ, 1864ರದ್ದು. ಇದಕ್ಕೆ 2015ರ ಹೊತ್ತಿಗೆ ದೊಡ್ಡ ದುರಸ್ತಿ ಆಯಿತು, ಈಗ ಹೊಳೆಯುತ್ತಿದೆ. ಅದರ ಬಾಗಿಲಲ್ಲಿ ಕೇರಳದ ಕುಟ್ಟನ್ ಅನ್ನುವವರು ನಿಲ್ಲುತ್ತಿದ್ದರು. ಹುಡುಗನಾಗಿದ್ದಾಗ ಕೆಲಸ ಹುಡುಕಿಕೊಂಡು ಬಂದವರು, 1942ರಲ್ಲಿ ಹೋಟೆಲ್ ಸೇರಿದರು. ಬಿಳಿ ಸಮವಸ್ತ್ರ, ತುಂಬು ಬಿಳಿ ಮೀಸೆ, ಬಂದವರಿಗೆಲ್ಲ ಕೈ ಜೋಡಿಸುತ್ತಿದ್ದರು. ಜಪಾನಿನವರು ಕೊಲಂಬೊ ಮೇಲೆ ಬಾಂಬು ಹಾಕಿದ ವರ್ಷ ಸೇರಿದವರು, ಸ್ವಾತಂತ್ರ್ಯ ನೋಡಿದರು, ಯುದ್ಧ ಶುರುವಾಗಿದ್ದು ನೋಡಿದರು, ಮುಗಿದಿದ್ದೂ ನೋಡಿದರು. 2014ರಲ್ಲಿ ತೀರಿಕೊಂಡಾಗ ತೊಂಬತ್ತು ದಾಟಿತ್ತು. ಆ ಹೋಟೆಲ್‌ಗೆ ಯಾವ ಯಾವ ದೊರೆ ಬಂದ ಅನ್ನುವ ಫಲಕ ಬೇಕಾದಷ್ಟು ಇವೆ. ಆದರೆ ಬಾಗಿಲಿಗೆ ಬಂದ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದದ್ದು ಕುಟ್ಟನ್ ಜೊತೆ.

ಈ ಹೋಟೆಲ್‌ಗಳು ಯಾರವು ಅಂತ ಕೇಳಿದರೆ ನನ್ನ ಉತ್ತರ ಇದೇ. ಕಟ್ಟಿಸಿದವರು ಹೋದರು. ಗೋಡೆ ಎತ್ತಿದವರ, ಹಾಸಿಗೆ ಹಾಸಿದವರ, ಯುದ್ಧದ ಮಧ್ಯೆಯೂ ದಿನಾ ಬೆಳಿಗ್ಗೆ ಬಾಗಿಲು ತೆಗೆದವರ ಮಕ್ಕಳು ಮೊಮ್ಮಕ್ಕಳು ಈಗ ಅಲ್ಲಿದ್ದಾರೆ. ಗ್ರ್ಯಾಂಡ್ ಓರಿಯಂಟಲ್ ಈಗ ಅವರದೇ ಸರ್ಕಾರಿ ಬ್ಯಾಂಕ್ ಆಫ್ ಸಿಲೋನ್ ಗುಂಪಿನದು. ನಾವು ಕೊಡುವ ದುಡ್ಡು ಹೋಗುವುದು ಅವರಿಗೆ. ಮಂಕಾದ ಹೋಟೆಲ್‌ನಲ್ಲಿ ಒಂದು ರಾತ್ರಿ ಉಳಿದರೆ ಅಲ್ಲಿ ಒಂದು ಕೆಲಸ ಉಳಿಯುತ್ತದೆ. ಗಾಲೆ ಫೇಸ್ ಹೋಟೆಲ್ ಪಕ್ಕದ ಗಾಲೆ ಫೇಸ್ ಮೈದಾನದಲ್ಲೇ 2022ರಲ್ಲಿ ಜನ ತಿಂಗಳುಗಟ್ಟಲೆ ಡೇರೆ ಹಾಕಿ ಕೂತು ಅಧ್ಯಕ್ಷನನ್ನೇ ಇಳಿಸಿದರು. ಆ ಮೈದಾನ 1859ರಲ್ಲಿ ಬ್ರಿಟಿಷ್ ಗವರ್ನರ್ ವಾರ್ಡ್ ಮಾಡಿಸಿದ್ದು, ಊರಿನ ಹೆಂಗಸರು ಮಕ್ಕಳಿಗಾಗಿ ಅಂತ ಅಲ್ಲಿ ಕಲ್ಲು ನೆಟ್ಟಿದ್ದಾನೆ. ಈಗ ಸಂಜೆ ಹೋದರೆ ಇಡೀ ಊರೇ ಅಲ್ಲಿ ಗಾಳಿಪಟ ಹಾರಿಸುತ್ತಿರುತ್ತದೆ.

ಪಿಂಚಣಿದಾರ

ನನ್ನದೂ ಒಂದು ಮಾತು. ಕಡಲಾಚೆಯವರು ಗಾಲೆಯ ಡಚ್ ಕಟ್ಟಡದ ಕಥೆಯನ್ನು ಅರ್ಧಕ್ಕೆ ಬಿಟ್ಟರು. ಅದು ನೂರು ವರ್ಷಕ್ಕೂ ಹೆಚ್ಚು ಕಾಲ ನ್ಯೂ ಓರಿಯಂಟಲ್ ಅನ್ನುವ ಹೆಸರಿನಲ್ಲಿ ಮಂಕಾಗಿಯೇ ನಡೆಯಿತು. ಸಾಮಾನ್ಯ ಪ್ರವಾಸಿ ಅಲ್ಲಿ ಉಳಿಯಬಹುದಿತ್ತು. 2000ದ ದಶಕದಲ್ಲಿ ದೊಡ್ಡ ಕಂಪನಿಯೊಂದು ಅದನ್ನು ತೆಗೆದುಕೊಂಡು ಬಹಳ ಚೆನ್ನಾಗಿ ದುರಸ್ತಿ ಮಾಡಿತು. ಈಗ ಅದು ಅಮನ್‌ಗಾಲ್ಲ. ಒಂದು ರಾತ್ರಿಯ ಬಾಡಿಗೆಗೆ ನನ್ನ ಒಂದು ತಿಂಗಳ ಪಿಂಚಣಿ ಸಾಲದು. ಕಟ್ಟಡ ಉಳಿಯಿತು, ಅದು ಸಂತೋಷವೇ. ಆದರೆ ನಮ್ಮಂಥವರಿಗೆ ಒಳಗೆ ಜಾಗ ಇಲ್ಲ.

ಮೈಸೂರಿನ ಲಲಿತಮಹಲ್ ನೋಡಿ. 1921ರಲ್ಲಿ ನಾಲ್ವಡಿಯವರು ವೈಸರಾಯ್ ಉಳಿಯಲಿ ಅಂತ ಕಟ್ಟಿಸಿದ್ದು. 1974ರಲ್ಲಿ ಹೋಟೆಲ್ ಆಯಿತು. ಹೊಳಪು ಕಡಿಮೆಯಾದ ವರ್ಷಗಳಲ್ಲೇ ಎಷ್ಟೋ ಮಧ್ಯಮ ವರ್ಗದ ಮನೆಯವರು ಅಲ್ಲಿ ಹೋಗಿ ಕೂತು ಕಾಫಿ ಕುಡಿದದ್ದು, ಆ ಮೆಟ್ಟಿಲ ಮೇಲೆ ನಿಂತು ಮದುವೆ ಫೋಟೋ ತೆಗೆಸಿಕೊಂಡದ್ದು. ಹೊಳೆಯುವಾಗ ಇವು ದೊಡ್ಡವರ ಪಾಲು. ಮಂಕಾದಾಗ ಸ್ವಲ್ಪ ಕಾಲ ನಮ್ಮ ಪಾಲಿಗೂ ಬರುತ್ತವೆ. ಕೊಲಂಬೊ, ಕ್ಯಾಂಡಿಯಲ್ಲಿ ಆ ಕಾಲ ಈಗ ಇದೆ. ಎಷ್ಟು ದಿನ ಇರುತ್ತದೋ ಯಾರಿಗೆ ಗೊತ್ತು? ಅಪ್ಪನನ್ನು ಕರೆದುಕೊಂಡು ಹೋಗಿಬನ್ನಿ ಮಗಳೇ.

ಬಯಲುಗಾಳಿ

ಪಿಂಚಣಿದಾರ ಸರ್, ಈ ಮಾತು ನನಗೆ ನಾಟಿತು. ಆದರೂ ಅಮ್ಮನ ಮಂಡಿ ಮರೆಯಬೇಡಿ ಎಲ್ಲರೂ.

ತುಂಗಾತೀರ

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಅಪ್ಪನಿಗೆ ಜೋರಾಗಿ ಓದಿ ಹೇಳಿದೆ. ಅಲೆ ತಡೆಯುವ ಗೋಡೆಯ ವಿಷಯ ಕೇಳಿ ಅವರು ನಕ್ಷೆ ತೆಗೆದು ಕೂತಿದ್ದಾರೆ. ಅಮ್ಮನಿಗೆ ಉಂಬಲಕಡದ ವಿಷಯ ಕೇಳಿಯೇ ಭಯ.

ಮಿಕ್ಕ ಅನುಮಾನ ಇಷ್ಟು: ಕ್ವೀನ್ಸ್ ರಸ್ತೆ ಮೂಲೆಯಲ್ಲೇ ಇದೆಯಂತೆ, ಗಲಾಟೆ ಜಾಸ್ತಿಯಾ? ಬುಕಿಂಗ್ ದರದಲ್ಲಿ ಎಲ್ಲ ಸೇರಿರುತ್ತದಾ? ನಮ್ಮ ಚಾರ್ಜರ್ ಅಲ್ಲಿ ಹಿಡಿಯುತ್ತದಾ?

ಕಡಲಾಚೆ

ದರದ ವಿಷಯ ಮೊದಲು. ಇಲ್ಲಿ ಪ್ಲಸ್ ಪ್ಲಸ್ ಅಂತ ಬರೆದಿದ್ದರೆ ಹುಷಾರು. ಮೇಲೆ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜ್, ಅದರ ಮೇಲೆ ತೆರಿಗೆ. ವ್ಯಾಟ್ ಒಂದೇ 2024ರಿಂದ 18 ಪರ್ಸೆಂಟ್. ನೂರು ಡಾಲರ್ ಅಂದದ್ದು ನೂರಾ ಮೂವತ್ತರ ಹತ್ತಿರ ಹೋಗುತ್ತದೆ. ಎಲ್ಲ ಸೇರಿ ಎಷ್ಟು ಅಂತ ಬರೆದು ಕಳಿಸಿ ಅಂತ ಕೇಳಿ. ಇಲ್ಲಿ ನೆಲೆಸಿದವರಿಗೆ ಬೇರೆ ದರ, ಹೊರಗಿನವರಿಗೆ ಬೇರೆ ದರ. ಆದರೆ ದಂತ ದೇವಾಲಯದ ಟಿಕೆಟ್‌ನಲ್ಲಿ ನಮಗೆ ಸಾರ್ಕ್ ದೇಶದವರ ಕಡಿಮೆ ದರ ಇದೆ, ಪಾಸ್‌ಪೋರ್ಟ್ ತೋರಿಸಬೇಕು.

ಚಾರ್ಜರ್‌ಗೆ, ಹಳೇ ಕೋಣೆಗಳಲ್ಲಿ ನಮ್ಮ ದುಂಡು ಪಿನ್ನಿನ ಪ್ಲಗ್ ಹಿಡಿಯುತ್ತದೆ. ಹೊಸದಾಗಿ ವೈರಿಂಗ್ ಮಾಡಿದ ಕಡೆ ಚಪ್ಪಟೆ ಮೂರು ಪಿನ್ ಇರುತ್ತದೆ. ಒಂದು ಅಡಾಪ್ಟರ್ ಜೇಬಿನಲ್ಲಿರಲಿ.

ಕ್ವೀನ್ಸ್ ಇರುವುದು ಕ್ಯಾಂಡಿಯ ನಡುಮಧ್ಯೆ. ಹಗಲು ಬಸ್ಸು, ಹಾರ್ನ್ ಎಲ್ಲ ಇದೆ. ನಿದ್ದೆ ಹಗುರ ಇದ್ದರೆ ಒಳಗಿನ ಕಡೆಯ ಕೋಣೆ ಕೇಳಿ. ಆದರೆ ಅಪ್ಪನಿಗೆ ರಸ್ತೆ ಕಡೆಯದೇ ಇಷ್ಟವಾಗಬಹುದು. ಬೆಳಗಿನ ಜಾವ ದೇವಾಲಯದಲ್ಲಿ ಪೂಜೆಯ ಡೋಲು ಶುರುವಾಗುತ್ತದೆ. ಹೋಟೆಲ್‌ನಿಂದ ಹೊರಗೆ ಬಂದರೆ ಎದುರಿಗೆ ಕೆರೆ, ಅದರ ದಡದಲ್ಲಿ ದೇವಾಲಯದ ಎಂಟು ಮೂಲೆಯ ಮಂಟಪ. ಕೆರೆಯನ್ನೂ ಮಂಟಪವನ್ನೂ ಕಟ್ಟಿಸಿದ್ದು ಕ್ಯಾಂಡಿಯ ಕೊನೆಯ ರಾಜ ವಿಕ್ರಮ ರಾಜಸಿಂಹ. 1815ರಲ್ಲಿ ಬ್ರಿಟಿಷರು ಅವನನ್ನು ಹಿಡಿದು ಹಡಗು ಹತ್ತಿಸಿ ನಮ್ಮ ಪಕ್ಕದ ವೆಲ್ಲೂರು ಕೋಟೆಗೆ ತಂದಿಟ್ಟರು. 1832ರಲ್ಲಿ ಅಲ್ಲೇ ತೀರಿಕೊಂಡ. ಅವನ ಸಮಾಧಿ ವೆಲ್ಲೂರಿನಲ್ಲಿದೆ, ಬೆಂಗಳೂರಿನಿಂದ ನಾಲ್ಕು ಗಂಟೆ ದಾರಿ.

ಇನ್ನೊಂದು ವಿಷಯ. ಎಸಳ ಪೆರಹೆರ ಜುಲೈ ಆಗಸ್ಟ್‌ನಲ್ಲಿ. ಆನೆಗಳ ಮೆರವಣಿಗೆ ಈ ಹೋಟೆಲ್ ಮುಂದೆಯೇ ಹೋಗುತ್ತದೆ. ಆಗ ಕೋಣೆ ಸಿಗೋದು ಕಷ್ಟ, ದರವೂ ಮುಟ್ಟುವ ಹಾಗಿಲ್ಲ. ನೀವು ಜನವರಿಯಲ್ಲಿ ಬರುತ್ತಿರುವುದರಿಂದ ಆ ಚಿಂತೆ ಇಲ್ಲ.

ತುಂಗಾತೀರ

ಮನೆಯಲ್ಲಿ ತೀರ್ಮಾನ ಆಯಿತು. ಕೊಲಂಬೊದಲ್ಲಿ ಒಂದು ರಾತ್ರಿ ಗ್ರ್ಯಾಂಡ್ ಓರಿಯಂಟಲ್, ಉಳಿದ ದಿನ ಹೊಸ ಹೋಟೆಲ್. ಕ್ಯಾಂಡಿಯಲ್ಲಿ ಕ್ವೀನ್ಸ್. ಎರಡಕ್ಕೂ ನಾನೇ ಫೋನ್ ಮಾಡಿ ಲಿಫ್ಟ್ ಹತ್ತಿರದ ಕೋಣೆ, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯಾ ಅಂತ ಕೇಳುತ್ತೇನೆ. ಹಣ ಕಟ್ಟುವುದು ಕೋಣೆ ನೋಡಿದ ಮೇಲೆ. ಅಮ್ಮನೂ ಒಪ್ಪಿದಳು. ಅವಳ ಷರತ್ತು ಒಂದೇ, ವಾಸನೆ ಬಂದರೆ ಅಪ್ಪ ತಕರಾರು ಮಾಡದೆ ಬ್ಯಾಗ್ ಎತ್ತಬೇಕು.

ಗಾರೆಮನೆ

ಸರಿಯಾದ ಷರತ್ತು. ಹಾಗೇನಾದರೂ ಆದರೆ ಬೇರೆ ಹೋಟೆಲ್ ಹುಡುಕಲು ಹೊತ್ತಿರಬೇಕು, ಅದಕ್ಕೆ ಮಧ್ಯಾಹ್ನವೇ ಕೋಣೆ ನೋಡಿ. ಕತ್ತಲಾದ ಮೇಲೆ ಗೋಡೆಯ ತೇವವೂ ಕಣ್ಣಿಗೆ ಕಾಣುವುದಿಲ್ಲ.

ಕಡಲಾಚೆ

ಹೌದು. ಇನ್ನೊಂದು ಮಾತು: ಜನವರಿಯ ಹುಣ್ಣಿಮೆ ಇಲ್ಲಿ ದುರುತು ಪೋಯ, ರಜೆ. ಹೊರಡುವ ಮುಂಚೆ ಕ್ಯಾಲೆಂಡರ್ ನೋಡಿ. ಆ ದಿನ ಬ್ಯಾಂಕು ಮುಚ್ಚಿರುತ್ತದೆ, ದೇವಾಲಯಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಮ್ಮನಿಗೆ ನಿಂತು ಕಾಯುವುದು ಕಷ್ಟ, ದಂತ ದೇವಾಲಯಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಫೋರ್ಟ್ ಕಡೆ ಸಂಜೆ ಆಫೀಸು ಬಿಟ್ಟ ಮೇಲೆ ರಸ್ತೆ ಖಾಲಿ ಹೊಡೆಯುತ್ತದೆ, ಆಟೊ ಸಿಗುವುದು ತಡವಾಗುತ್ತದೆ. ರಾತ್ರಿ ಊಟ ಹೋಟೆಲ್‌ನಲ್ಲೇ ಹೇಳಿಬಿಡಿ.